ಪ್ಯಾಂಕ್ರಿಯಾಟೈಟಿಸ್ ವಾಸಿಯಾದ ಮೇಲೆ ಸಕ್ಕರೆಯನ್ನೂ ಜೀರ್ಣಶಕ್ತಿಯನ್ನೂ ಗಮನಿಸುವ ಬಗೆ

ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತದಿಂದ, ಅಂದರೆ ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್‌ನಿಂದ, ಆಸ್ಪತ್ರೆ ಸೇರಿ ಚೇತರಿಸಿಕೊಂಡು ಮನೆಗೆ ಬಂದವರಲ್ಲಿ ಹೆಚ್ಚಿನವರು ಹೊಟ್ಟೆನೋವು ನಿಂತಿತೆಂದರೆ ಕಾಯಿಲೆಯೂ ಮುಗಿಯಿತೆಂದೇ ತಿಳಿಯುತ್ತಾರೆ. ಈ ಗ್ರಂಥಿ ಮಾಡುವ ಕೆಲಸ ಎರಡು. ಕೊಬ್ಬು, ಪ್ರೋಟೀನ್ ಮತ್ತು ಪಿಷ್ಟವನ್ನು ಒಡೆಯುವ ಕಿಣ್ವಗಳನ್ನು ಕರುಳಿಗೆ ಸುರಿಸುವುದು ಒಂದು. ಇನ್ಸುಲಿನ್ ಮತ್ತು ಗ್ಲೂಕಗಾನ್ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುವುದು ಇನ್ನೊಂದು. ಉರಿಯೂತದ ನಂತರ ಇವುಗಳಲ್ಲಿ ಯಾವುದಾದರೂ ಒಂದು, ಕೆಲವೊಮ್ಮೆ ಎರಡೂ, ತಿಂಗಳುಗಳ ಅಥವಾ ವರ್ಷಗಳ ಅಂತರದಲ್ಲಿ ಸದ್ದಿಲ್ಲದೆ ಕುಂದಬಹುದು. ಮೊದಲ ಬಾರಿ ಈ ಉರಿಯೂತಕ್ಕೆ ತುತ್ತಾದವರ ಕುರಿತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದರಲ್ಲಿ ಶೇಕಡಾ 23ರಷ್ಟು ಜನರಿಗೆ ನಂತರ ಮಧುಮೇಹ ಬಂದಿತ್ತು. ಶೇಕಡಾ 15ರಷ್ಟು ಜನರಲ್ಲಿ ಅದು ಮೊದಲ 12 ತಿಂಗಳೊಳಗೇ ಕಾಣಿಸಿಕೊಂಡಿತ್ತು. ಕಿಣ್ವಗಳ ಕೊರತೆಯೂ ಅಪರೂಪವಲ್ಲ. ಸರಿಸುಮಾರು ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ರೋಗಿಗಳಲ್ಲಿ ಅದು ಉಳಿದುಕೊಂಡಿರುತ್ತದೆ.

ನನಗೆ ಬಂದದ್ದು ಸೌಮ್ಯ ರೂಪದ್ದು, ಐದಾರು ದಿನದಲ್ಲಿ ಮನೆಗೆ ಕಳಿಸಿದರು, ಹಾಗಾಗಿ ಇದು ನನಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳುವುದು ಸರಿಯಲ್ಲ. ಗ್ರಂಥಿಯ ಭಾಗ ಕೊಳೆತು ಸತ್ತಿದ್ದರೆ, ಅಂದರೆ ನೆಕ್ರೋಸಿಸ್ ಆಗಿದ್ದರೆ, ಕಿಣ್ವದ ಕೊರತೆಯ ಸಾಧ್ಯತೆ ಹೆಚ್ಚು ಎಂಬುದು ನಿಜ. ಮಧುಮೇಹದ ವಿಷಯದಲ್ಲಿ ಮಾತ್ರ ಉರಿಯೂತ ಎಷ್ಟು ತೀವ್ರವಾಗಿತ್ತು ಎಂಬುದೊಂದನ್ನೇ ನೋಡಿ ಮುಂದಿನದನ್ನು ಹೇಳಲಾಗದು. ಸೌಮ್ಯವಾಗಿ ಬಂದು ಹೋದವರಲ್ಲೂ ಅದು ಬರುತ್ತದೆ.

ಕಾಗದಪತ್ರಗಳು

ಉತ್ತರ ಕನ್ನಡದವರಿಗೆ ಮೊದಲ ಕೆಲಸ ವೈದ್ಯಕೀಯಕ್ಕಿಂತ ಹೆಚ್ಚಾಗಿ ಕಡತದ್ದು. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದ್ದರೂ ತೀವ್ರ ಪ್ರಕರಣಗಳಲ್ಲಿ ಜನ ಈಗಲೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಹೋಗುತ್ತಾರೆ. ತುರ್ತು ಚಿಕಿತ್ಸೆ ಒಂದು ಊರಿನಲ್ಲಿ, ಪಿತ್ತಕೋಶದ ಶಸ್ತ್ರಚಿಕಿತ್ಸೆ ಇನ್ನೊಂದರಲ್ಲಿ, ಶುಗರ್ ತಪಾಸಣೆ ತಾಲ್ಲೂಕು ಆಸ್ಪತ್ರೆಯಲ್ಲಿ, ಹೀಗೆ ದಾಖಲೆಗಳು ಚದುರಿಹೋಗುತ್ತವೆ. ಎರಡು ವರ್ಷಗಳ ನಂತರ ಕುಮಟೆಯ ಅಥವಾ ಶಿರಸಿಯ ವೈದ್ಯರ ಮುಂದೆ ಕುಳಿತಾಗ, ಹಿಂದೆ ಏನಾಗಿತ್ತು ಎಂಬ ಪ್ರಶ್ನೆಗೆ ‘ಗ್ಯಾಸ್ಟ್ರಿಕ್ ಜಾಸ್ತಿಯಾಗಿ ಎಡ್ಮಿಟ್ ಆಗಿದ್ದೆ’ ಎಂಬ ಉತ್ತರ ಬಂದರೆ, ಆ ವೈದ್ಯರು ಇದನ್ನು ಸಾಮಾನ್ಯ ಸಕ್ಕರೆ ಕಾಯಿಲೆಯೆಂದೇ ಭಾವಿಸಿ ಚಿಕಿತ್ಸೆ ಆರಂಭಿಸುವುದರಲ್ಲಿ ತಪ್ಪೇನಿದೆ? ಪ್ಯಾಂಕ್ರಿಯಾಟೈಟಿಸ್ ನಂತರದ ಮಧುಮೇಹವನ್ನು ಟೈಪ್ 2 ಎಂದು ಗುರುತಿಸಿಬಿಡುವುದು ಜಗತ್ತಿನ ಎಲ್ಲೆಡೆ ನಡೆಯುತ್ತಿರುವ ಸಂಗತಿ, ಮತ್ತು ಅದಕ್ಕೆ ಬಹುಮಟ್ಟಿನ ಕಾರಣ ಹಿಂದಿನ ಕಥೆ ವೈದ್ಯರಿಗೆ ತಲುಪದಿರುವುದೇ.

ಆದ್ದರಿಂದ ಡಿಸ್ಚಾರ್ಜ್ ಆಗುವ ದಿನವೇ ನಾಲ್ಕು ವಿಷಯಗಳನ್ನು ಕೇಳಿ ತಿಳಿದು ಒಂದೇ ಹಾಳೆಯಲ್ಲಿ ಬರೆದಿಡಬೇಕು: ಉರಿಯೂತಕ್ಕೆ ಕಾರಣವೇನು, ಸಿ.ಟಿ. ಸ್ಕ್ಯಾನಿನಲ್ಲಿ ಗ್ರಂಥಿಯ ಎಷ್ಟು ಭಾಗ ಹಾಳಾಗಿದೆ, ಆಸ್ಪತ್ರೆಯಲ್ಲಿದ್ದಾಗ ಸಕ್ಕರೆ ಏರಿತ್ತೇ ಮತ್ತು ಇನ್ಸುಲಿನ್ ಕೊಟ್ಟಿದ್ದರೇ, ರಕ್ತ ಹಾಕಿದ್ದರೇ. ಕೊನೆಯ ಪ್ರಶ್ನೆ ಏಕೆ ಬೇಕೆಂಬುದು ಮುಂದೆ ಬರುತ್ತದೆ. ಆ ಹಾಳೆಯ ಮತ್ತು ಡಿಸ್ಚಾರ್ಜ್ ಸಮ್ಮರಿಯ ಫೋಟೋ ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇರಲಿ. ಕರಾವಳಿಯ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುವುದನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಸಕ್ಕರೆಯ ಪರೀಕ್ಷೆ: ಯಾವಾಗ, ಹೇಗೆ

ಆಸ್ಪತ್ರೆಯಲ್ಲಿದ್ದಾಗ ಕಂಡ ಹೆಚ್ಚಿನ ಸಕ್ಕರೆ ದೇಹದ ಮೇಲಿನ ಒತ್ತಡದಿಂದಲೂ ಬಂದಿರಬಹುದು, ಆಮೇಲೆ ಇಳಿಯಲೂಬಹುದು. ಹಾಗೆಯೇ ಆಗ ಸರಿಯಿದ್ದ ಸಕ್ಕರೆ ಮುಂದೆ ಏರುವುದಿಲ್ಲವೆಂಬ ಖಾತರಿಯೂ ಇಲ್ಲ. ಹೀಗಾಗಿ ಉರಿಯೂತ ವಾಸಿಯಾದ 3ರಿಂದ 6 ತಿಂಗಳೊಳಗೆ ಒಮ್ಮೆ, ಆ ಬಳಿಕ ಪ್ರತಿ ವರ್ಷ ಒಮ್ಮೆ ಪರೀಕ್ಷಿಸಿಕೊಳ್ಳಬೇಕೆಂದು ಅಮೆರಿಕದ ಮಧುಮೇಹ ಸಂಘದ ಮಾರ್ಗಸೂಚಿ ಹೇಳುತ್ತದೆ. ಈ ವಾರ್ಷಿಕ ಪರೀಕ್ಷೆಗೆ ಕೊನೆಯ ದಿನಾಂಕವಿಲ್ಲ. ಐದು ವರ್ಷಗಳಾಚೆಗೆ ಅಪಾಯ ಕಡಿಮೆಯಾಗುವ ಬದಲು ಏರಿರುವುದೇ ಮೇಲೆ ಹೇಳಿದ ವಿಶ್ಲೇಷಣೆಯಲ್ಲಿ ಕಂಡುಬಂದಿದೆ.

ಬರಿಹೊಟ್ಟೆಯ ಸಕ್ಕರೆ 126 ಮಿ.ಗ್ರಾಂ. ಅಥವಾ ಹೆಚ್ಚು, 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಯ ನಂತರ 200 ಅಥವಾ ಹೆಚ್ಚು, ಇಲ್ಲವೇ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಶೇಕಡಾ 6.5 ಅಥವಾ ಹೆಚ್ಚು ಬಂದರೆ ಅದು ಮಧುಮೇಹದ ಮಟ್ಟ. ರೋಗಲಕ್ಷಣಗಳು ಸ್ಪಷ್ಟವಾಗಿಲ್ಲದಿದ್ದಾಗ ಇನ್ನೊಂದು ಪರೀಕ್ಷೆಯಿಂದ ಅದನ್ನು ದೃಢಪಡಿಸಿಕೊಳ್ಳುತ್ತಾರೆ. ಬರಿಹೊಟ್ಟೆಯಲ್ಲಿ 100ರಿಂದ 125, ಎರಡು ಗಂಟೆಯ ನಂತರ 140ರಿಂದ 199, ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಅದು ಮಧುಮೇಹದ ಹೊಸ್ತಿಲು. ಇಲ್ಲಿ ಒಂದು ಎಚ್ಚರಿಕೆ ಬೇಕು. ರಕ್ತಹೀನತೆ ಇದ್ದವರಲ್ಲಿ, ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲಿ ಎಚ್‌ಬಿಎ1ಸಿ ಸಂಖ್ಯೆಯನ್ನು ನಂಬುವಂತಿಲ್ಲ. ಅಂಥವರು ಬರಿಹೊಟ್ಟೆಯ ಮತ್ತು ಗ್ಲೂಕೋಸ್ ಕುಡಿದ ನಂತರದ ಪರೀಕ್ಷೆಗಳನ್ನೇ ಕೇಳಿ ಮಾಡಿಸಿಕೊಳ್ಳುವುದು ಒಳ್ಳೆಯದು.

ಬರಿಹೊಟ್ಟೆ ಎಂದರೆ ಕನಿಷ್ಠ 8 ಗಂಟೆ ನೀರಲ್ಲದೆ ಬೇರೇನೂ ಸೇವಿಸದಿರುವುದು. ಘಟ್ಟದ ಮೇಲಿನ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಹೊರಡುವವರು ‘ಬರೀ ಕಷಾಯ ಕುಡಿದಿದ್ದೇನೆ’ ಎನ್ನುವುದುಂಟು. ಹಾಲು ಬೆಲ್ಲ ಹಾಕಿದ ಕಷಾಯ ಈ ಪರೀಕ್ಷೆಯ ಲೆಕ್ಕದಲ್ಲಿ ತಿಂಡಿಯೇ. ಎರಡು ಗಂಟೆಯ ಪರೀಕ್ಷೆಯಲ್ಲಿ ಗ್ಲೂಕೋಸ್ ನೀರನ್ನು ಐದು ನಿಮಿಷದೊಳಗೆ ಕುಡಿದು ಮುಗಿಸಿ, ಎರಡನೆಯ ಸಲ ರಕ್ತ ಕೊಡುವವರೆಗೆ ಒಂದೆಡೆ ಕುಳಿತಿರಬೇಕು. ಆ ನಡುವೆ ಪೇಟೆ ಕೆಲಸ ಮುಗಿಸಿ ಬರುತ್ತೇನೆಂದು ಹೊರಟರೆ ಫಲಿತಾಂಶ ಕೆಡುತ್ತದೆ.

ಮಧುಮೇಹ ಎಂದು ಗೊತ್ತಾದರೆ

ಇದನ್ನು ಟೈಪ್ 3ಸಿ ಎಂದು ಕರೆಯುವುದುಂಟು. ಹೆಸರು ಯಾವುದಾದರೂ ಇರಲಿ, ವ್ಯತ್ಯಾಸವಿರುವುದು ಔಷಧದ ಆಯ್ಕೆಯಲ್ಲಿ. ಸಕ್ಕರೆ ಸ್ವಲ್ಪವೇ ಏರಿದ್ದರೆ ಮೆಟ್‌ಫಾರ್ಮಿನ್‌ನಿಂದ ಆರಂಭಿಸುವುದು ಸಾಮಾನ್ಯ, ಆದರೆ ಟೈಪ್ 2ರವರಿಗೆ ಹೋಲಿಸಿದರೆ ಈ ರೋಗಿಗಳಿಗೆ ಇನ್ಸುಲಿನ್ ಬೇಗ ಬೇಕಾಗುವ ಸಾಧ್ಯತೆ ಹೆಚ್ಚು. ಅದನ್ನು ಸೋಲೆಂದು ಭಾವಿಸಿ ವರ್ಷಗಟ್ಟಲೆ ಮುಂದೂಡುವುದರಿಂದ ತೂಕವೂ ಸ್ನಾಯುಬಲವೂ ಕರಗುತ್ತವೆ. ಹೆಸರಿನ ಕೊನೆಯಲ್ಲಿ ‘ಗ್ಲಿಪ್ಟಿನ್’ ಎಂದಿರುವ ಮಾತ್ರೆಗಳನ್ನು, ‘ಗ್ಲುಟೈಡ್’ ಎಂದಿರುವ ಔಷಧಗಳನ್ನು ಹಿಂದೆ ಪ್ಯಾಂಕ್ರಿಯಾಟೈಟಿಸ್ ಆದವರಿಗೆ ಸಾಮಾನ್ಯವಾಗಿ ತಪ್ಪಿಸುತ್ತಾರೆ. ‘ಗ್ಲಿಫ್ಲೋಜಿನ್’ ಎಂದು ಕೊನೆಯಾಗುವವು ಇನ್ಸುಲಿನ್ ತೀರಾ ಕಡಿಮೆಯಿರುವ ದೇಹದಲ್ಲಿ ರಕ್ತವನ್ನು ಆಮ್ಲೀಯಗೊಳಿಸುವ ಕೀಟೋಆಸಿಡೋಸಿಸ್‌ಗೆ ಎಡೆಮಾಡಬಹುದು. ಅಕ್ಕಪಕ್ಕದವರಿಗೆ ಚೆನ್ನಾಗಿ ಒಗ್ಗಿದ ಶುಗರ್ ಮಾತ್ರೆಯ ಹೆಸರು ಕೇಳಿಕೊಂಡು ಔಷಧದಂಗಡಿಗೆ ಹೋಗುವ ಅಭ್ಯಾಸ ಈ ಕಾಯಿಲೆಯಲ್ಲಂತೂ ಕೂಡದು. ಈಗಾಗಲೇ ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಾವಾಗಿಯೇ ನಿಲ್ಲಿಸದೆ, ಹಳೆಯ ಡಿಸ್ಚಾರ್ಜ್ ಸಮ್ಮರಿಯೊಂದಿಗೆ ವೈದ್ಯರ ಬಳಿ ಹೋಗಿ ವಿಚಾರಿಸಬೇಕು.

ಸಕ್ಕರೆ ಇದ್ದಕ್ಕಿದ್ದಂತೆ ಕುಸಿಯುವುದು ಈ ಮಧುಮೇಹದ ಇನ್ನೊಂದು ಮುಖ. ಸಕ್ಕರೆ ಇಳಿದಾಗ ಅದನ್ನು ಮೇಲೆತ್ತುವ ಗ್ಲೂಕಗಾನ್ ಹಾರ್ಮೋನೂ ಇದೇ ಗ್ರಂಥಿಯಲ್ಲಿ ತಯಾರಾಗುವುದರಿಂದ, ಇನ್ಸುಲಿನ್ ತೆಗೆದುಕೊಂಡು ಊಟ ತಡವಾದರೆ ದೇಹಕ್ಕೆ ತನ್ನನ್ನು ತಾನು ಸಾವರಿಸಿಕೊಳ್ಳುವ ಶಕ್ತಿ ಕಡಿಮೆ. ಬೆವರು, ನಡುಕ, ಎದೆ ಡವಗುಟ್ಟುವುದು, ಮಾತಿನಲ್ಲಿ ಗೊಂದಲ ಕಂಡರೆ, ಅಥವಾ ಗ್ಲೂಕೋಮೀಟರಿನಲ್ಲಿ 70ಕ್ಕಿಂತ ಕಡಿಮೆ ತೋರಿಸಿದರೆ, ತಕ್ಷಣ 15 ಗ್ರಾಂ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಏರದಿದ್ದರೆ ಇನ್ನೊಮ್ಮೆ ಕುಡಿಯಬೇಕು. ಗ್ಲೂಕೋಸ್ ಇಲ್ಲದಾಗ ಮೂರು ಚಮಚ ಸಕ್ಕರೆಯ ನೀರು ಆದೀತು. ಆದರೆ ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ನುಂಗುವವರಲ್ಲಿ ಸಾಮಾನ್ಯ ಸಕ್ಕರೆ ಬೇಗ ಕರಗಿ ರಕ್ತ ಸೇರುವುದಿಲ್ಲವಾದ್ದರಿಂದ ಅವರ ಕೈಚೀಲದಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ದೇವಿಮನೆ ಘಾಟಿನಲ್ಲೋ ಅರಬೈಲಿನಲ್ಲೋ ಮಳೆಗಾಲದಲ್ಲಿ ಗುಡ್ಡ ಕುಸಿದು ಬಸ್ಸು ಗಂಟೆಗಟ್ಟಲೆ ನಿಲ್ಲುವುದು ನಮ್ಮಲ್ಲಿ ಹೊಸದಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಆ ದಾರಿಯಲ್ಲಿ ಹೊರಡುವಾಗ ಗ್ಲೂಕೋಸಿನ ಜೊತೆಗೆ ಒಂದು ಹೊತ್ತಿನ ಊಟವನ್ನೂ ಕಟ್ಟಿಕೊಂಡಿರುವುದು ಲೇಸು. ಏಕಾದಶಿ, ಸಂಕಷ್ಟಿ, ರಂಜಾನ್ ಉಪವಾಸಗಳನ್ನು ಹಿಡಿಯುವ ಮೊದಲೂ ವೈದ್ಯರೊಡನೆ ಮಾತನಾಡಬೇಕು.

ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ, ಹೆಪ್ಪುಗಟ್ಟುವ ಮೇಲಿನ ಅರೆಯಲ್ಲಿ ಬೇಡ. ಬಳಸುತ್ತಿರುವ ಸೀಸೆಯನ್ನು 30 ಡಿಗ್ರಿಗಿಂತ ಕಡಿಮೆ ಶಾಖದಲ್ಲಿ ಹೊರಗಿಟ್ಟು ಸಾಮಾನ್ಯವಾಗಿ ನಾಲ್ಕು ವಾರ ಬಳಸಬಹುದು. ಏಪ್ರಿಲ್, ಮೇ ತಿಂಗಳಿನಲ್ಲಿ ಕಾರವಾರ, ಅಂಕೋಲೆಯ ಮನೆಗಳ ಒಳಗೂ ಶಾಖ ಇದನ್ನು ಮೀರುತ್ತದೆ. ಒದ್ದೆ ಮರಳಿನ ಮಡಿಕೆಯೊಳಗೆ ಇಡುವ ಉಪಾಯ ಒಣ ಹವೆಯ ಬಯಲುಸೀಮೆಯಲ್ಲಿ ಫಲ ಕೊಡುವಷ್ಟು ಕರಾವಳಿಯ ತೇವದಲ್ಲಿ ಕೊಡುವುದಿಲ್ಲ; ಕರೆಂಟು ಹೋದರೂ ಬಾಗಿಲು ತೆರೆಯದ ಫ್ರಿಜ್ಜು ಕೆಲವು ಗಂಟೆ ತಂಪಾಗಿಯೇ ಉಳಿಯುತ್ತದೆಯಾದ್ದರಿಂದ ಅದನ್ನೇ ನೆಚ್ಚಿಕೊಳ್ಳುವುದು ವಾಸಿ.

ಜೀರ್ಣದ ಕೊರತೆಯನ್ನು ಗುರುತಿಸುವುದು

ಸಕ್ಕರೆಯನ್ನು ಅಳೆಯಲು ಎಲ್ಲ ಊರಿನಲ್ಲೂ ಯಂತ್ರವಿದೆ. ಕಿಣ್ವದ ಕೊರತೆಯನ್ನು ಮೊದಲು ಕಂಡುಹಿಡಿಯಬೇಕಾದವರು ರೋಗಿಯೇ. ಮಲ ಜಿಡ್ಡಾಗಿ, ಮಸುಕು ಬಣ್ಣಕ್ಕೆ ತಿರುಗಿ, ವಿಪರೀತ ವಾಸನೆಯಿಂದ ಕೂಡಿ, ನೀರು ಸುರಿದರೂ ಕಮೋಡಿಗೆ ಅಂಟಿಕೊಂಡೇ ಇರುವುದು ಅದರ ಪ್ರಸಿದ್ಧ ಲಕ್ಷಣ. ಆದರೆ ಕೊಬ್ಬನ್ನು ಒಡೆಯುವ ಲೈಪೇಸ್ ಕಿಣ್ವದ ಉತ್ಪತ್ತಿ ಶೇಕಡಾ 10ಕ್ಕಿಂತ ಕೆಳಗಿಳಿದಾಗಲಷ್ಟೇ ಮಲದಲ್ಲಿ ಕೊಬ್ಬು ಹೀಗೆ ಕಣ್ಣಿಗೆ ಕಾಣುವಂತೆ ಹೋಗುತ್ತದೆ. ಅಷ್ಟರೊಳಗೆ ಊಟವಾದ ಮೇಲೆ ಹೊಟ್ಟೆ ಉಬ್ಬರ, ಗುಡುಗುಡು ಸದ್ದು, ಚೆನ್ನಾಗಿ ಉಂಡರೂ ಇಳಿಯುತ್ತಲೇ ಹೋಗುವ ತೂಕ, ನಿಶ್ಶಕ್ತಿ ಇವೆಲ್ಲ ಬಂದಿರುತ್ತವೆ. ಜಿಡ್ಡು ಕಂಡರೆ ಹೊಟ್ಟೆ ಕೆಡುತ್ತದೆಂದು ಅರಿವಿಲ್ಲದೆಯೇ ಎಣ್ಣೆ ತುಪ್ಪ ಬಿಟ್ಟವರಲ್ಲಿ ಮಲದ ಲಕ್ಷಣ ಕಾಣದೆಯೂ ಇರಬಹುದು. ಆದ್ದರಿಂದ ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡುವುದು ಅತ್ಯಂತ ಅಗ್ಗದ ಮತ್ತು, ನನ್ನ ದೃಷ್ಟಿಯಲ್ಲಿ, ಅತ್ಯಂತ ಉಪಯುಕ್ತ ಪರೀಕ್ಷೆ.

ಇದನ್ನು ದೃಢಪಡಿಸಲು ಮಲದಲ್ಲಿನ ಎಲಾಸ್ಟೇಸ್ ಎಂಬ ಕಿಣ್ವವನ್ನು ಅಳೆಯುತ್ತಾರೆ. ಒಂದು ಗ್ರಾಂ ಮಲದಲ್ಲಿ ಅದು 200 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆಯ ಸಂಶಯ, 100ಕ್ಕಿಂತ ಕಡಿಮೆಯಿದ್ದರೆ ಕೊರತೆ ಬಹುತೇಕ ಖಚಿತ. ಜಿಲ್ಲೆಯ ಪ್ರಯೋಗಾಲಯಗಳು ಈ ಮಾದರಿಯನ್ನು ದೊಡ್ಡ ನಗರಕ್ಕೆ ಕಳಿಸಬೇಕಾಗಬಹುದು. ಈ ಕಿಣ್ವ ಬೇಗ ಕೆಡುವಂಥದ್ದಲ್ಲವಾದ್ದರಿಂದ ಅದರಿಂದ ತೊಂದರೆಯಿಲ್ಲ. ಗಟ್ಟಿ ಅಥವಾ ಅರೆಗಟ್ಟಿ ಮಾದರಿಯನ್ನೇ ಕೊಡಬೇಕು. ನೀರಿನಂಥ ಭೇದಿಯಾದ ದಿನ ಕೊಟ್ಟರೆ ಪ್ರಮಾಣ ತೆಳುವಾಗಿ, ಇಲ್ಲದ ಕೊರತೆಯೂ ಇದೆಯೆಂದು ಬರುತ್ತದೆ. ಕಿಣ್ವದ ಔಷಧ ತೆಗೆದುಕೊಳ್ಳುತ್ತಿದ್ದರೂ ಈ ಪರೀಕ್ಷೆಗಾಗಿ ನಿಲ್ಲಿಸಬೇಕಿಲ್ಲ, ಏಕೆಂದರೆ ಅದು ಮನುಷ್ಯನ ಎಲಾಸ್ಟೇಸನ್ನು ಮಾತ್ರ ಅಳೆಯುತ್ತದೆ. ಮೆಟ್‌ಫಾರ್ಮಿನ್ ಆರಂಭಿಸಿದವರಲ್ಲಿ ಭೇದಿ ಆ ಮಾತ್ರೆಯಿಂದಲೇ ಬಂದಿರಬಹುದು. ಯಾವುದು ಮೊದಲು ಶುರುವಾಯಿತೆಂಬುದನ್ನು ದಿನಾಂಕದೊಂದಿಗೆ ಹೇಳಿದರೆ ವೈದ್ಯರ ಕೆಲಸ ಅರ್ಧ ಹಗುರಾಗುತ್ತದೆ.

ಕಿಣ್ವದ ಕ್ಯಾಪ್ಸೂಲನ್ನು ತೆಗೆದುಕೊಳ್ಳುವ ಕ್ರಮ

ಚಿಕಿತ್ಸೆ ವಿಫಲವಾಗುವುದು ಹೆಚ್ಚಾಗಿ ಇಲ್ಲಿಯೇ. ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲುಗಳ ಶಕ್ತಿಯನ್ನು ಲೈಪೇಸ್ ಯುನಿಟ್‌ಗಳಲ್ಲಿ ಬರೆದಿರುತ್ತಾರೆ. ವಯಸ್ಕರಿಗೆ ದೊಡ್ಡ ಊಟಕ್ಕೆ 40,000ದಿಂದ 50,000 ಯುನಿಟ್, ತಿಂಡಿಗೆ ಅದರ ಅರ್ಧ ಎಂಬುದು ಮಾರ್ಗಸೂಚಿಗಳು ಹೇಳುವ ಆರಂಭದ ಪ್ರಮಾಣ. ದಿನಕ್ಕೆರಡು ಬಾರಿ 10,000 ಯುನಿಟ್‌ನ ಒಂದೊಂದು ಕ್ಯಾಪ್ಸೂಲು ನುಂಗಿ, ಇದರಿಂದ ಪ್ರಯೋಜನವಾಗಲಿಲ್ಲವೆಂದು ಬಿಟ್ಟವರಿದ್ದಾರೆ. ಅವರು ಬಿಟ್ಟದ್ದು ಔಷಧವನ್ನಲ್ಲ, ಅದರ ಅಲ್ಪಾಂಶವನ್ನು. ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕಾದರೂ, ನನ್ನ ಊಟಕ್ಕೆ ಇಷ್ಟು ಸಾಕೇ ಎಂದು ಕೇಳುವ ಹಕ್ಕು ರೋಗಿಗಿದೆ.

ಕ್ಯಾಪ್ಸೂಲು ಅನ್ನದ ಜೊತೆಯಲ್ಲೇ ಕರುಳಿಗೆ ಇಳಿಯಬೇಕು. ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಿದರೂ, ಕೈತೊಳೆದ ಮೇಲೆ ನುಂಗಿದರೂ ಅದು ವ್ಯರ್ಥ. ಮೊದಲ ತುತ್ತಿನೊಂದಿಗೆ ಒಂದು, ಊಟದ ನಡುವೆ ಇನ್ನೊಂದು ಎಂಬುದು ಸರಳ ಕ್ರಮ. ಉಪನಯನ, ಮದುವೆಯ ಪಂಕ್ತಿಯಲ್ಲಿ ಊಟ ಮುಕ್ಕಾಲು ಗಂಟೆ ಎಳೆಯುತ್ತದೆ. ಅಲ್ಲಿ ಮೊದಲ ಅನ್ನಕ್ಕೆ ಒಂದು, ಸಿಹಿ ಬಡಿಸಲು ಬಂದಾಗ ಮತ್ತೊಂದು ಎಂದು ಇಟ್ಟುಕೊಳ್ಳಬಹುದು. ಬರೀ ಹಣ್ಣು, ಕಪ್ಪು ಚಹಾಕ್ಕೆ ಬೇಕಿಲ್ಲ. ಹಾಲು ಕುಡಿದರೆ ಬೇಕು. ಅಗಿಯುವುದು, ಕುಟ್ಟಿ ಪುಡಿ ಮಾಡುವುದು ಕೂಡದು, ಬಿಸಿ ಪಾನೀಯದ ಜೊತೆಯೂ ಬೇಡ. ನುಂಗಲಾಗದವರು ಕ್ಯಾಪ್ಸೂಲು ಬಿಡಿಸಿ ಒಳಗಿನ ಹರಳುಗಳನ್ನು ಸೇಬಿನ ತಿರುಳಿನಂಥ ತುಸು ಹುಳಿಯಾದ ಮೆತ್ತನೆಯ ಪದಾರ್ಥದಲ್ಲಿ ಬೆರೆಸಿ ಅಗಿಯದೆ ನುಂಗಿ, ಮೇಲೆ ನೀರು ಕುಡಿಯಬೇಕು. ಡಬ್ಬಿಯನ್ನು ಒಲೆಯ ಹತ್ತಿರ ಅಥವಾ ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಇಟ್ಟರೆ ಕಿಣ್ವ ಸಾಯುತ್ತದೆ. ಸರಿಯಾಗಿ ತೆಗೆದುಕೊಂಡರೂ ಗುಣ ಕಾಣದಿದ್ದರೆ ಪ್ರಮಾಣ ಹೆಚ್ಚಿಸುವುದು ಅಥವಾ ಆಮ್ಲ ತಗ್ಗಿಸುವ ಮಾತ್ರೆ ಸೇರಿಸುವುದು ವೈದ್ಯರ ಮುಂದಿನ ಹೆಜ್ಜೆಯಾಗಿರುತ್ತದೆ.

ಈ ಔಷಧವನ್ನು ಹಂದಿಯ ಮೇದೋಜೀರಕ ಗ್ರಂಥಿಯಿಂದ ತಯಾರಿಸುತ್ತಾರೆ. ಸಸ್ಯಾಹಾರಿ ಮನೆಗಳಲ್ಲೂ, ಭಟ್ಕಳದ ಮುಸ್ಲಿಂ ಮನೆಗಳಲ್ಲೂ ಇದು ಮುಜುಗರದ ವಿಷಯವೆಂಬುದು ಸಹಜ, ಮತ್ತು ಇದನ್ನು ರೋಗಿಗೆ ಮೊದಲೇ ತಿಳಿಸುವುದು ನ್ಯಾಯ. ಅಂಗಡಿಯಲ್ಲಿ ಸಿಗುವ ಜೀರ್ಣದ ಸಿರಪ್ಪುಗಳು ಇದಕ್ಕೆ ಬದಲಿಯಲ್ಲ. ಅವುಗಳಲ್ಲಿರುವುದು ಬಹುತೇಕ ಪಿಷ್ಟ ಮತ್ತು ಪ್ರೋಟೀನ್ ಒಡೆಯುವ ಕಿಣ್ವಗಳು, ಕೊಬ್ಬಿನ ಸಮಸ್ಯೆ ಹಾಗೆಯೇ ಉಳಿಯುತ್ತದೆ. ಮುಚ್ಚಿಟ್ಟು ಕೊಡುವುದಕ್ಕಿಂತ, ಮನೆಯ ಹಿರಿಯರನ್ನೋ ಧರ್ಮಗುರುಗಳನ್ನೋ ಕೇಳಿ ಮನಸ್ಸಿನಲ್ಲಿ ತೀರ್ಮಾನವಾದ ಮೇಲೆ ತೆಗೆದುಕೊಂಡರೆ ಔಷಧ ಮಧ್ಯದಲ್ಲಿ ನಿಲ್ಲುವುದಿಲ್ಲ.

ಕಿಣ್ವ ಆರಂಭಿಸಿದ ಮೇಲೆ ತಿಂದದ್ದು ಮೈಗೆ ಹತ್ತತೊಡಗುತ್ತದೆ, ಹಾಗಾಗಿ ಸಕ್ಕರೆಯೂ ಏರಬಹುದು. ಇದು ಒಳ್ಳೆಯ ಸೂಚನೆಯೇ. ಇನ್ಸುಲಿನ್ ಪ್ರಮಾಣವನ್ನು ಆಗ ಮರುಹೊಂದಿಸಿಕೊಳ್ಳಬೇಕು, ಕ್ಯಾಪ್ಸೂಲು ನಿಲ್ಲಿಸಬಾರದು.

ಊಟ

ಗಂಜಿ ಉಪ್ಪಿನಕಾಯಿಯೇ ಪಥ್ಯ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆಸ್ಪತ್ರೆಯಿಂದ ಬಂದ ಮೊದಲ ದಿನಗಳಿಗೆ ಅದು ಸರಿಯಿರಬಹುದು, ತಿಂಗಳುಗಟ್ಟಲೆ ಅಲ್ಲ. ಬರೀ ಗಂಜಿಯಿಂದ ಸಕ್ಕರೆ ಏರುತ್ತದೆ, ಪ್ರೋಟೀನ್ ಇಲ್ಲದೆ ಸ್ನಾಯು ಇಳಿಯುತ್ತದೆ. ಕುಚ್ಚಲಕ್ಕಿಯ ಅನ್ನ ಮಿತವಾಗಿರಲಿ, ಜೊತೆಗೆ ಮೀನಿನ ಸಾರು, ಮೊಟ್ಟೆ, ಅಥವಾ ತೊವ್ವೆ, ಮೊಸರು, ಹೆಸರುಕಾಳು ಪ್ರತಿ ಊಟದಲ್ಲೂ ಇರಲಿ. ಬಂಗಡೆ, ತಾರಲೆ ಕೊಬ್ಬಿನ ಮೀನುಗಳೆಂದು ಹೆದರಿ ಬಿಡಬೇಕಾಗಿಲ್ಲ. ಕಿಣ್ವ ಸರಿಯಾಗಿ ತೆಗೆದುಕೊಳ್ಳುವವರಿಗೆ ಕೊಬ್ಬನ್ನು ಪೂರ್ತಿ ನಿಷೇಧಿಸುವ ಪದ್ಧತಿ ಈಗಿಲ್ಲ. ಕರಿದದ್ದಕ್ಕಿಂತ ಸಾರು ಹಗುರ ಎಂಬುದಷ್ಟೇ ವಿವೇಕ. ರಕ್ತದಲ್ಲಿನ ಒಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ ವಿಪರೀತ ಏರಿದ್ದರಿಂದ ಉರಿಯೂತ ಬಂದವರ ಲೆಕ್ಕ ಬೇರೆ; ಅವರಿಗೆ ಎಣ್ಣೆ, ತುಪ್ಪ, ತೆಂಗಿನ ಹಾಲಿನ ಮಿತಿಯನ್ನು ವೈದ್ಯರು ಹೇಳಿದಷ್ಟಕ್ಕೇ ನಿಲ್ಲಿಸಬೇಕು. ಸಕ್ಕರೆ ಹತೋಟಿ ತಪ್ಪಿದರೆ ಟ್ರೈಗ್ಲಿಸರೈಡ್ ಏರುತ್ತದೆ, ಅದು 1,000 ದಾಟಿದರೆ ಮತ್ತೆ ಉರಿಯೂತದ ಅಪಾಯ. ಮೂರು ದೊಡ್ಡ ಊಟಗಳ ಬದಲು ಐದಾರು ಸಣ್ಣ ಊಟಗಳು ಗ್ರಂಥಿಗೂ ಸಕ್ಕರೆಗೂ ಅನುಕೂಲ. ಆಲೆಮನೆಯ ಕಾಲದಲ್ಲಿ ಕಬ್ಬಿನ ಹಾಲು, ದೋಸೆಗೆ ಜೋನಿಬೆಲ್ಲ ಬೇಡವೆನ್ನುವುದು ಶಿರಸಿ, ಸಿದ್ದಾಪುರದವರಿಗೆ ಕಷ್ಟವೆಂದು ಗೊತ್ತಿದೆ. ಬೆಲ್ಲ ಸಕ್ಕರೆಗಿಂತ ಸುರಕ್ಷಿತ ಎಂಬ ಮಾತನ್ನು ಮಾತ್ರ ಗ್ಲೂಕೋಮೀಟರು ಒಪ್ಪುವುದಿಲ್ಲ.

ಮದ್ಯವನ್ನು ಪೂರ್ತಿ ಬಿಡಬೇಕು, ಕಾರಣ ಪಿತ್ತಕೋಶದ ಕಲ್ಲೇ ಆಗಿದ್ದರೂ. ಗೋವಾದ ಗಡಿಗೆ ಅಂಟಿಕೊಂಡ ಊರಿನಲ್ಲಿ ಫೆನ್ನಿ ಔಷಧವೆಂದು ಹೇಳುವವರು ಸಿಗುತ್ತಾರೆ. ಈ ಗ್ರಂಥಿಗೆ ಅದೂ ಮದ್ಯವೇ. ಬೀಡಿ ಸಿಗರೇಟು ಸ್ವತಂತ್ರವಾಗಿಯೇ ಮೇದೋಜೀರಕವನ್ನು ಹಾಳು ಮಾಡುತ್ತದೆಂಬುದು ದೃಢಪಟ್ಟಿದೆ, ಕವಳದಿಂದ ಹೊಗೆಸೊಪ್ಪನ್ನು ತೆಗೆಯಲೂ ಇದೇ ಸಮಯ. ಪಿತ್ತಕಲ್ಲಿನಿಂದ ಉರಿಯೂತ ಬಂದವರು ಪಿತ್ತಕೋಶ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಕೊಯ್ಲು ಮುಗಿಯಲಿ, ಮಳೆ ಮುಗಿಯಲಿ ಎಂದು ಮುಂದೂಡಬಾರದು. ಆ ನಡುವೆಯೇ ಎರಡನೆಯ ಆಘಾತ ಬರುವುದುಂಟು.

ವರ್ಷಕ್ಕೊಮ್ಮೆ, ಮತ್ತು ತಕ್ಷಣ

ವಾರ್ಷಿಕ ತಪಾಸಣೆಯಲ್ಲಿ ಸಕ್ಕರೆಯ ಜೊತೆಗೆ ತೂಕ, ಹಿಮೋಗ್ಲೋಬಿನ್, ಟ್ರೈಗ್ಲಿಸರೈಡ್, ಮಧುಮೇಹವಿದ್ದರೆ ಕಣ್ಣಿನ ಪಾಪೆಯ ಹಿಂಭಾಗ, ಮೂತ್ರದ ಅಲ್ಬುಮಿನ್ ಮತ್ತು ಪಾದದ ಪರೀಕ್ಷೆ ಸೇರಲಿ. ಕಿಣ್ವದ ಕೊರತೆ ಇದ್ದವರಲ್ಲಿ ಕೊಬ್ಬಿನೊಂದಿಗೆ ಹೀರಲ್ಪಡುವ ಎ, ಡಿ, ಇ, ಕೆ ವಿಟಮಿನ್‌ಗಳು ಕಡಿಮೆಯಾಗುತ್ತವೆ, ಮೂಳೆ ಸವೆಯುತ್ತದೆ. ವಿಟಮಿನ್ ಡಿ ಮತ್ತು ಬಿ12 ಅಳೆಸುವುದು, ಎರಡು ವರ್ಷಕ್ಕೊಮ್ಮೆ ಮೂಳೆಯ ಸಾಂದ್ರತೆ ನೋಡಿಸುವುದು ರೂಢಿ. ಕತ್ತಲಲ್ಲಿ ಕಣ್ಣು ಕಾಣದಿದ್ದರೆ, ಸುಮ್ಮನೆ ಮೈಯಲ್ಲಿ ರಕ್ತ ಕಂದಿದ ಕಲೆಗಳು ಮೂಡಿದರೆ ವಾರ್ಷಿಕ ಭೇಟಿಯವರೆಗೆ ಕಾಯಬಾರದು.

ಮೇಲ್ಹೊಟ್ಟೆಯಲ್ಲಿ ಎದ್ದು ಬೆನ್ನಿಗೆ ಹರಿಯುವ ನೋವು, ನಿಲ್ಲದ ವಾಂತಿ, ಜ್ವರ, ಕಣ್ಣು ಹಳದಿಯಾಗುವುದು, ಅಥವಾ ಆಸ್ಪತ್ರೆಯಿಂದ ಬಂದ ಕೆಲವು ವಾರಗಳ ನಂತರ ಎರಡು ತುತ್ತಿಗೇ ಹೊಟ್ಟೆ ಬಿಗಿದು ಗಡ್ಡೆಯಂತೆ ಕೈಗೆ ಸಿಗುವುದು ಕಂಡರೆ ಅದೇ ದಿನ ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೆ ಹೋಗಬೇಕು. ಐವತ್ತು ದಾಟಿದವರಲ್ಲಿ ಉರಿಯೂತಕ್ಕೆ ಕಾರಣವೇ ಸಿಗದೆ, ಹೊಸದಾಗಿ ಮಧುಮೇಹ ಬಂದು, ಕಿಣ್ವ ಮತ್ತು ಇನ್ಸುಲಿನ್ ಸರಿಯಾಗಿ ತೆಗೆದುಕೊಂಡರೂ ತೂಕ ಇಳಿಯುತ್ತಲೇ ಇದ್ದರೆ, ಗ್ರಂಥಿಯಲ್ಲಿ ಗೆಡ್ಡೆಯಿಲ್ಲವೆಂದು ಖಚಿತಪಡಿಸಿಕೊಳ್ಳಲು ಸಿ.ಟಿ., ಎಂ.ಆರ್.ಐ. ಅಥವಾ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಬೇಕೇ ಎಂದು ತಜ್ಞರನ್ನು ನೇರವಾಗಿ ಕೇಳಬೇಕು. ಹಾಗೆ ಕೇಳಲು ಹೋಗುವಾಗ ಹಳೆಯ ಸ್ಕ್ಯಾನಿನ ಸಿ.ಡಿ. ಅಥವಾ ಫಿಲ್ಮುಗಳನ್ನು ಕೊಂಡೊಯ್ದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಲು ಅವರಿಗೆ ಸಾಧ್ಯವಾಗುತ್ತದೆ.